ಉಳಿದದ್ದು ಒಂದೇ ಅಚ್ಚು

"ಆ ಕಾಗದವನ್ನ ಪೆಟ್ಟಿಗೇಲಿ ಇಟ್ಟೆಯೋ, ನಾನು ಈಗಲೇ ಎದ್ದು ಹೋಗ್ತೀನಿ," ಎಂದಳು ಸತ್ತವನ ಅಕ್ಕ ಸುಗಿ.

"ಹೋಗಿ ಅತ್ತಿಗೆ. ಬದುಕಿದ್ದಾಗಲೂ ತಮ್ಮನ ಕೆಲಸವನ್ನ ನೀವು ಕಣ್ಣೆತ್ತಿ ನೋಡಿದವರಲ್ಲ." ಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡ ಮಾಸನೊರಿಯ ಹೆಣದ ಸುತ್ತ ಬಿಳಿ ಸೇವಂತಿಗೆ ಜೋಡಿಸುತ್ತಿದ್ದ ಫುಮಿಯೆಯ ಕೈ ನಿಲ್ಲಲಿಲ್ಲ.

"ಏನು ನೋಡೋದು? ಯುದ್ಧದಲ್ಲಿ ಬಾಂಬು ಬಿದ್ದು ಟೋಕಿಯೋ ಸುಟ್ಟಾಗ ನನಗೆ ಏಳು ವರ್ಷ. ಅಮ್ಮನ್ನ ಹೊಳೆ ದಂಡೇಲಿ ಹೆಣಗಳ ನಡುವೆ ಹುಡುಕಿದೀನಿ. ಇವನು ಆಮೇಲೆ ಅಪ್ಪ ಕಟ್ಟಿಕೊಂಡ ಚಿಕ್ಕಮ್ಮನ ಮಗ. ನೆಟ್ಟಗಿರೋ ಊರನ್ನ ಚಿತ್ರದಲ್ಲಿ ಮತ್ತೆ ಯುದ್ಧ ಬಂದ ಹಾಗೆ ಕೆಡವಿ, ಅಚ್ಚೊತ್ತಿ ಮಾರಿದ."

ಅದೇ ಬೀದಿಯಲ್ಲಿ ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಿದ್ದ ಗೆನ್ಪಾಚಿ ಬಾಯಿ ಹಾಕಿದ. "ನನ್ನ ಚಿಮಣೀನೂ ಉರುಳಿಸಿದ್ದ. ಜಗಳಕ್ಕೆ ಹೋದರೆ, ಚಿತ್ರದಲ್ಲಿ ಬಿದ್ದದ್ದು ನಿಜವಾಗಿ ಬೀಳಲ್ಲ ಕಣೋ ಅಂದ. ಮಾರನೇ ವರ್ಷ ಗಿರಾಕಿಗಳಿಲ್ಲದೆ ನಾನೇ ಕೆಡವಿಸಿದೆ."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

*

ಹಿಂದಿನ ಚಳಿಗಾಲದಲ್ಲಿ ಕಾಯಿಲೆಯಿಂದ ಮಾಸನೊರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಆದರೂ ಕೂತೇ, ತಾವಿದ್ದ ಹೊಂಜೋ ಬೀದಿಯನ್ನು ಹಾಳುಬಿದ್ದ ಹಾಗೆ ಜಿಡ್ಡಿನ ಬಳಪದಲ್ಲಿ ಅಚ್ಚಿನ ಕಲ್ಲಿನ ಮೇಲೆ ಬರೆದು, ಒಂದೇ ಹಾಳೆಗೆ ಅಚ್ಚೊತ್ತಿದ. ಮರುಗಳಿಗೆಯೇ ಮರಳು, ನೀರು ಹಾಕಿ ಕಲ್ಲನ್ನು ಉಜ್ಜತೊಡಗಿದ.

"ಒಂದೇ ಹಾಳೆಗೆ ಅಳಿಸ್ತೀರಾ?" ಎಂದಳು ಫುಮಿಯೆ.

"ಇದು ಮಾರೋಕಲ್ಲ. ನಾನು ಸತ್ತಾಗ ನನ್ನ ಜೊತೆ ಕಳಿಸು."

"ಊರೆಲ್ಲ ಹಾಳಾದರೂ ನಿಮ್ಮ ಚಿತ್ರದಲ್ಲಿ ಒಂದು ಹೆಣಾನೂ ಇರಲ್ಲ. ಯಾಕೆ?"

"ಜನ ಎಲ್ಲ ಮೊದಲೇ ಹೊರಟು ಹೋಗಿದಾರೆ. ಅವರನ್ನ ದಾಟಿಸಿದ ಮೇಲೇನೇ ನಾನು ಕೆಡವೋದು."

"ಅಕ್ಕನಿಗೆ ಇದನ್ನ ಹೇಳಬಾರದಾ?"

"ನೋಡೋಕೇ ಒಲ್ಲದವಳಿಗೆ ಏನು ಹೇಳಲಿ?"

*

ಜನರನ್ನು ದಾಟಿಸಿದ ಮೇಲೆಯೇ ಕೆಡವುತ್ತೇನೆಂದ ಆ ಮಾತನ್ನು ಫುಮಿಯೆ ಸುಗಿಗೆ ಹಾಗೆಯೇ ಹೇಳಿ, ಅಚ್ಚನ್ನು ಗಂಡನ ಎದೆಯ ಮೇಲೆ ಬಿಡಿಸಿಟ್ಟಳು. ಸುಗಿ ಎದ್ದು ಹೋಗಲಿಲ್ಲ. ಬಾಗಿ ನೋಡಿದಳು. ಸೇತುವೆ ಮುರಿದಿತ್ತು. ರೈಲು ನಿಲ್ದಾಣದ ಮೇಲೆ ಹುಲ್ಲು ಬೆಳೆದಿತ್ತು. ಬೀದಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು. ಯಾವ ಹೊಸ್ತಿಲ ಬಳಿಯೂ ಒಂದು ಚಪ್ಪಲಿ ಉಳಿದಿರಲಿಲ್ಲ.

"ಮೆಟ್ಟಿಕೊಳ್ಳೋಷ್ಟು ಹೊತ್ತು ಸಿಕ್ಕಿದೆ ಇವರಿಗೆ," ಎಂದಳು. "ಅಮ್ಮ ಬರಿಗಾಲಲ್ಲಿ ಓಡಿದಳು."

ಪೆಟ್ಟಿಗೆ ಮುಚ್ಚುವವರು ಬಂದು ನಿಂತರು. ಸುಗಿ ಹೂಗಳ ನಡುವೆ ಕೈ ಹಾಕಿ ಅಚ್ಚನ್ನು ಎತ್ತಿಕೊಂಡಳು.

"ಅತ್ತಿಗೆ, ಜೊತೆಗೆ ಕಳಿಸು ಅಂದಿದಾರೆ ಅವರು."

"ಅನ್ನಲಿ. ಇದನ್ನ ಸುಡೋಕೆ ನಾನು ಬಿಡಲ್ಲ."

ಸುರುಳಿ ಸುತ್ತಿ, ಕಪ್ಪು ಕಿಮೋನೋದ ತೋಳಿನೊಳಗೆ ಸೇರಿಸಿ, ಯಾರಿಗೂ ತಲೆಬಾಗದೆ ಹೊರಗೆ ನಡೆದಳು.

ಹೆಣ ಸುಟ್ಟಾದ ಮೇಲೆ ಮೂಳೆ ಆಯಲು ಕರೆದರು. ಒಂದೊಂದು ಮೂಳೆಯನ್ನೂ ಇಬ್ಬರು ಎದುರುಬದುರು ನಿಂತು ಜೋಡಿ ಕಡ್ಡಿಗಳಲ್ಲಿ ಎತ್ತುವುದು ಪದ್ಧತಿ. ಫುಮಿಯೆಯ ಎದುರಿನ ಜಾಗ ಅಕ್ಕನಾದ ಸುಗಿಯದು; ಅವಳು ಬಂದಿರಲಿಲ್ಲ.

"ನಾನು ಹಿಡೀಲೇನಮ್ಮಾ?" ಎಂದ ಗೆನ್ಪಾಚಿ.

ಫುಮಿಯೆ ಬೇಡವೆಂದು ತಲೆಯಾಡಿಸಿ, ಬಾಗಿಲ ಕಡೆ ನೋಡುತ್ತ ಕಾದಳು. ಎದುರಿನ ಜೋಡಿ ಕಡ್ಡಿ ತಟ್ಟೆಯ ಅಂಚಿನಲ್ಲಿ ಇಟ್ಟ ಹಾಗೇ ಇತ್ತು.