ಡಾಂಬರಿನಡಿಯ ಮುಚ್ಚಳ

ಗುಂಡಿ ಮುಚ್ಚುವವನನ್ನು ಕಂಡರೆ ದಾರಿಯಲ್ಲಿ ಹೋಗುವವರಿಗೆಲ್ಲ ಬಾಯಿ ಬರುತ್ತದೆ. ಗಾಡಿ ನಿಧಾನ ಮಾಡಿ, ಗಾಜಿಳಿಸಿ, ‘ಇದು ಎಷ್ಟು ದಿನ ಇರುತ್ತಪ್ಪಾ?’ ಎಂದು ಕೇಳದೆ ಮುಂದೆ ಹೋಗುವವರೇ ಇಲ್ಲ. ಹದಿನೇಳು ವರ್ಷದಿಂದ ಕೇಳಿಸಿಕೊಂಡು ಬಂದಿದ್ದೇನೆ. ನಾನು ಮೇಸ್ತ್ರಿ. ನನ್ನ ಕೈಕೆಳಗೆ ಇಬ್ಬರು ಆಳುಗಳು, ಒಂದು ಲಾರಿ, ಒಂದು ಪುಟ್ಟ ರೋಲರ್. ಆಫೀಸಿನವರು ನನಗೆ ‘ತೇಪೆ’ ಎಂದು ಹೆಸರಿಟ್ಟಿದ್ದಾರೆ. ಇಡಲಿ, ನನಗೇನಂತೆ. ನಾನು ಹಾಕಿದ ತೇಪೆ ಏಳುವುದಿಲ್ಲ. ಬೇರೆಯವರು ಗುಂಡಿಯಲ್ಲಿ ನೀರು ನಿಂತಿದ್ದರೂ ಅದರ ಮೇಲೇ ಡಾಂಬರು ಸುರಿದು, ಸಲಿಕೆ ತಿರುಗಿಸಿ ನಾಲ್ಕೇಟು ಬಡಿದು ಹೊರಟುಬಿಡುತ್ತಾರೆ. ನಾನು ಅಂಚನ್ನು ಚೌಕವಾಗಿ ಕತ್ತರಿಸಿ, ಮಣ್ಣು ಗುಡಿಸಿ, ಒಳಗೆಲ್ಲ ಒಣಗಿಸಿ, ತೆಳ್ಳಗೆ ಡಾಂಬರು ಬಳಿದು, ಆಮೇಲೆ ಬಿಸಿ ಜಲ್ಲಿ ಮಿಶ್ರಣವನ್ನು ಪದರ ಪದರವಾಗಿ ಹಾಕಿ ಕುಟ್ಟಿಸುತ್ತೇನೆ. ಆ ಶಿಸ್ತೇ ಕೊನೆಗೆ ನನ್ನ ಕುತ್ತಿಗೆಗೆ ಬಂತು.

ನನ್ನ ಅಕ್ಕನದು ಪುಸ್ತಕ ಕಟ್ಟುವ ಅಂಗಡಿ. ರಸ್ತೆಯಿಂದ ಎರಡು ಮೆಟ್ಟಿಲು ಇಳಿದರೆ ಉದ್ದನೆಯ ಕೋಣೆ. ಕಾಗದ ಕತ್ತರಿಸುವ ಯಂತ್ರ, ಅಂಟಿನ ಡಬ್ಬ, ದಾರದ ಉಂಡೆ, ಎರಡು ಮೇಜು. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಅವಳೇ ನನ್ನನ್ನು ಸಾಕಿದ್ದು. ಪುಸ್ತಕ ಹೊಲಿದು ಸಾಕಿದಳು, ಮದುವೆ ಗಿದುವೆ ಅಂತ ಯೋಚನೆ ಮಾಡುವುದಕ್ಕೂ ಅವಳಿಗೆ ಪುರುಸೊತ್ತು ಸಿಗಲಿಲ್ಲ.

ಅವಳ ಬಾಗಿಲ ಮುಂದೆಯೇ ಒಂದು ಗುಂಡಿ ಬಿದ್ದಿತ್ತು. ಗುಂಡಿಯ ಒಂದು ಅಂಚಿಗೆ ನೀರಿನ ಇಲಾಖೆಯವರ ವಾಲ್ವಿನ ಕಬ್ಬಿಣದ ಮುಚ್ಚಳ. ಅದು ಒಂದು ಕಡೆ ಕುಸಿದು ಕೂತಿತ್ತು. ಯಾವ ಗಾಡಿ ಹಾಯ್ದರೂ ದಡಾರ್ ಎನ್ನುತ್ತಿತ್ತು.

“ಹಾಳೆ ಎಣಿಸ್ತಾ ಇರ್ತೀನಿ ಕಣೋ. ಎಪ್ಪತ್ತು ಎಪ್ಪತ್ತೊಂದಕ್ಕೆ ಬಂದಿರ್ತೀನಿ, ದಡಾರ್ ಅನ್ನುತ್ತೆ. ಮತ್ತೆ ಒಂದರಿಂದ ಶುರು ಮಾಡ್ಬೇಕು,” ಎಂದು ಅಕ್ಕ ಕಂಡಾಗಲೆಲ್ಲ ಗೋಳಾಡುತ್ತಿದ್ದಳು. “ಊರಿನ ಗುಂಡಿ ಎಲ್ಲ ಮುಚ್ತೀಯ, ಅಕ್ಕನ ಅಂಗಡಿ ಮುಂದಿಂದು ಕಣ್ಣಿಗೆ ಬೀಳಲ್ವಾ?”

ಗುಂಡಿ ಮುಚ್ಚುವುದು ದೊಡ್ಡದಲ್ಲ. ಮುಚ್ಚಳವನ್ನು ರಸ್ತೆಯ ಮಟ್ಟಕ್ಕೆ ಎತ್ತಿ ಕೂರಿಸುವುದು ನೀರಿನವರ ಕೆಲಸ. ಅವರು ಎತ್ತಿ ಕೊಟ್ಟ ಮೇಲೆ ನಾನು ಸುತ್ತ ಡಾಂಬರು ಹಾಕಬೇಕು. ನಾಲ್ಕು ಸಲ ಬರೆದು ಕೊಟ್ಟೆ. ಹೂಂ ಇಲ್ಲ, ಉಹೂಂ ಇಲ್ಲ. ಐದನೆಯ ಸಲ ಬರೆಯುವ ಬದಲು, ಲಾರಿ ತಂದು ನಿಲ್ಲಿಸಿ, ಗುಂಡಿಯನ್ನೂ ಮುಚ್ಚಳವನ್ನೂ ಸೇರಿಸಿ ಮುಚ್ಚಿಬಿಟ್ಟೆ. ಆಳುಗಳು ಮುಖ ಮುಖ ನೋಡಿಕೊಂಡರು. ನಾನು ಕಣ್ಣು ಬಿಟ್ಟ ಮೇಲೆ ಸಲಿಕೆ ಎತ್ತಿದರು.

ಅಕ್ಕ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. “ಮುಚ್ಚಳ ಒಳಗೇ ಹೋಯ್ತಲ್ಲೋ,” ಎಂದಳು.

“ಹೋಗ್ಲಿ ಬಿಡು. ಅವರಿಗೆ ಬೇಕಾದಾಗ ನಾನೇ ತೋರಿಸ್ತೀನಿ.”

ಅಂಥ ತೇಪೆಯನ್ನು ನಾನು ಜೀವನದಲ್ಲೇ ಹಾಕಿರಲಿಲ್ಲ. ಎರಡರ ಬದಲು ಮೂರು ಪದರ. ಅಂಗೈ ಇಟ್ಟು ಸವರಿದರೆ ಅಂಚು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಅಕ್ಕ ಅಂದಿನಿಂದ ನೆಮ್ಮದಿಯಾಗಿ ಹಾಳೆ ಎಣಿಸಿದಳು.

ಅದಾದ ಎರಡೇ ತಿಂಗಳಿಗೆ ಇನ್ನೊಬ್ಬ ಮೇಸ್ತ್ರಿ ಬೇರೆ ಬೀದಿಯಲ್ಲಿ ಇದೇ ರೀತಿ ಮುಚ್ಚಳ ಮುಚ್ಚಿ ಸಿಕ್ಕಿಬಿದ್ದ. ವಿಚಾರಣೆ ಇಲ್ಲ, ಮಣ್ಣಿಲ್ಲ, ಮನೆಗೆ ಕಳಿಸಿದರು. ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ‘ಮುಚ್ಚಳದ ಮೇಲೆ ಡಾಂಬರು ಹಾಕಿದವನು ಅವತ್ತೇ ಕೆಲಸ ಬಿಟ್ಟ ಹಾಗೆ’ ಎಂಬ ಸುತ್ತೋಲೆಗೆ ಸಹಿ ಹಾಕಿಸಿಕೊಂಡರು. ನಾನೂ ಹಾಕಿದೆ. ಆ ಸಂಜೆ ಅಕ್ಕನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, “ಹಾಗಾದ್ರೆ ಆ ವಿಷಯ ಇನ್ನು ಎತ್ತಬೇಡ,” ಎಂದಳು ಅಷ್ಟೆ.

ಪೈಪು ಒಡೆದದ್ದು ಒಂದು ಮಂಗಳವಾರ ಬೆಳಿಗ್ಗೆ. ಲಾರಿಗೆ ಬಿಸಿ ಮಿಶ್ರಣ ತುಂಬಿಸಿಕೊಂಡು ಆಗ ತಾನೇ ಹೊರಟಿದ್ದೆ. ಅಕ್ಕನ ಫೋನ್ ಬಂತು.

“ಮೇಲ್ಗಡೆ ಪೈಪ್ ಒಡೆದಿದೆ. ನೀರು ಒಳಗೆ ಬರ್ತಾ ಇದೆ.”

ಹೋಗಿ ನೋಡಿದರೆ ಬೀದಿಯ ಎತ್ತರದ ತುದಿಯಲ್ಲಿ ರಸ್ತೆ ಸೀಳಿ ನೀರು ಮೊಣಕಾಲೆತ್ತರ ಚಿಮ್ಮುತ್ತಿತ್ತು. ಇಳಿಜಾರಿನಲ್ಲಿ ಹರಿದು ನೇರ ಅಕ್ಕನ ಮೆಟ್ಟಿಲಿಗೇ ಬರುತ್ತಿತ್ತು. ಒಳಗೆ ಹನ್ನೆರಡು ಸಾವಿರ ನೋಟ್‌ಪುಸ್ತಕ. ಒಂದು ಶಾಲೆಗೆ ಮಾರನೆಯ ದಿನ ಕೊಡಬೇಕಾದದ್ದು. ಅಕ್ಕನೂ ಅವಳ ಜೊತೆಯ ಇಬ್ಬರು ಹೆಂಗಸರೂ ಮೂರು ತಿಂಗಳು ಬೆನ್ನು ಬಗ್ಗಿಸಿ ಮಾಡಿದ್ದರು. ಯಂತ್ರದಲ್ಲಿ ಹೊಲಿದದ್ದು ಬೇಗ ಕಿತ್ತು ಬರುತ್ತದೆ ಎಂದು ಆ ಶಾಲೆಯವರು ಈ ವರ್ಷ ಕೈಹೊಲಿಗೆಗೆ ಬಂದಿದ್ದರು. ಈ ಸಲ ಕೈಕೊಟ್ಟರೆ ಮತ್ತೆ ಇತ್ತ ತಲೆ ಹಾಕುವುದಿಲ್ಲ ಎಂದು ಅಕ್ಕ ವಾರಕ್ಕೊಂದು ಸಲ ಹೇಳುತ್ತಿದ್ದಳು. ಮೇಜು ತುಂಬಿ, ಉಳಿದ ಕಟ್ಟುಗಳೆಲ್ಲ ನೆಲದ ಮೇಲೆ ಹಲಗೆ ಹಾಕಿ ಪೇರಿಸಿದ್ದವು. ನೀರು ಹಲಗೆಯ ಕೆಳಗೆ ಆಗಲೇ ನುಗ್ಗಿತ್ತು.

ಹೆಂಗಸರು ಕಟ್ಟು ಹೊತ್ತು ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ಇಡುತ್ತಿದ್ದರು. ನನ್ನ ಆಳುಗಳನ್ನೂ ಅಟ್ಟಿದೆ. ನನ್ನ ಲಾರಿಯಲ್ಲಿ ತುಂಬೋಣವೆಂದರೆ ಅದರ ತುಂಬ ಹೊಗೆಯಾಡುವ ಡಾಂಬರು. ನನ್ನ ಹಣೆಬರಹಕ್ಕೆ ನಾನೇ ಬೈದುಕೊಂಡೆ.

ರಸ್ತೆಯ ನಡುವೆ ನೀರಿನ ಇಲಾಖೆಯ ವಾಲ್ವ್‌ಮನ್ ನಿಂತಿದ್ದ. ಅವನಿಗೆ ನಾವೆಲ್ಲ ‘ನಕ್ಷೆ ಮಾಮ’ ಎನ್ನುವುದು. ಕೈಯಲ್ಲಿ ನಕ್ಷೆ ಇಲ್ಲದೆ ಅವನು ತನ್ನ ಮನೆಯ ಬಚ್ಚಲಿಗೂ ಹೋಗುವುದಿಲ್ಲ.

“ಇಲ್ಲೇ ಒಂದು ವಾಲ್ವ್ ಇರ್ಬೇಕು ಕಣಯ್ಯಾ ತೇಪೆ, ಈ ಬೀದಿಗೆ ನೀರು ಹತ್ತೋದೇ ಅದರಿಂದ,” ಎಂದ. “ನಕ್ಷೇಲಿ ರಸ್ತೆಯ ಆಚೆ ಬದಿಗೆ ತೋರಿಸ್ತಾ ಇದೆ. ಕಾಣ್ತಾ ಇಲ್ಲ.”

“ದೊಡ್ಡ ಪೈಪಿನ ವಾಲ್ವೇ ಮುಚ್ಚಿ ಮಾಮ.”

“ಮುಚ್ಚಿದ್ರೆ ಆಸ್ಪತ್ರೆಗೂ ನೀರು ನಿಲ್ಲುತ್ತೆ. ಸಾಹೇಬ್ರ ಒಪ್ಪಿಗೆ ಬೇಕು. ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಹನ್ನೊಂದು ಸಲ ಮಾಡ್ದೆ ಫೋನು.”

ನಕ್ಷೆ ತಪ್ಪು. ಮುಚ್ಚಳ ಅವನ ಬೂಟಿನಿಂದ ಈಚೆಗೆ ಆರಡಿ ದೂರದಲ್ಲಿತ್ತು. ನನಗೆ ಗೊತ್ತು. ಬಾಯಿ ತೆರೆದೆ. ಸುತ್ತೋಲೆ ನೆನಪಾಯಿತು. ಬಾಯಿ ಮುಚ್ಚಿದೆ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನನಗೆ ಬೇರೆ ಕಸುಬು ಬರುವುದಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನಗೆ ಬಂದ ಯೋಚನೆ ಒಂದೇ. ಅಕ್ಕ ಹೇಳಿಬಿಡಲಿ. ಅವಳ ಪುಸ್ತಕ, ಅವಳ ಅಂಗಡಿ. ಅವಳು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನಾನೂ ತಿಳಿಯುವುದಿಲ್ಲ.

ನಕ್ಷೆ ಮಾಮ ಆಚೆ ಬದಿಯ ಡಾಂಬರನ್ನು ಹಾರೆಯಿಂದ ಅಗೆದ. ಕಲ್ಲು ಬಂತು. ಎರಡಡಿ ಆಚೆ ಅಗೆದ. ಯಾರದೋ ಹಳೆಯ ಚಪ್ಪಲಿ ಬಂತು. ಕಬ್ಬಿಣ ಹುಡುಕುವ ಯಂತ್ರ ತಂದಿದ್ದ, ಅದಕ್ಕೆ ಬ್ಯಾಟರಿ ತಂದಿರಲಿಲ್ಲ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

“ಈ ಕಡೆ ನೋಡಿ ಮಾಮ,” ಎಂದೆ. “ಮನಸ್ಸಿಗೆ ಯಾಕೋ ಈ ಕಡೆ ಅನ್ಸುತ್ತೆ.”

“ನಿನ್ನ ಮನಸ್ಸಿನ ಪ್ರಕಾರ ಪೈಪ್ ಹಾಕಿಲ್ಲಪ್ಪ ಯಾರೂ,” ಎಂದ. “ಅಲ್ಲಿ ನೋಡು, ಆ ಭಾಗ ಎಷ್ಟು ಗಟ್ಟಿಮುಟ್ಟಾಗಿದೆ. ಮೊದಲಿನ ರಸ್ತೇನೇ ಅದು. ಕೈ ಹಾಕಿರೋ ಗುರುತೇ ಇಲ್ಲ.”

ಹದಿನೇಳು ವರ್ಷದಲ್ಲಿ ನನ್ನ ಕೆಲಸವನ್ನು ಹೊಗಳಿದವನು ಅವನೊಬ್ಬನೇ. ಹೊಗಳಿಕೆ ಕೇಳಿ ಅಳು ಬಂದದ್ದೂ ಅದೇ ಮೊದಲು.

ಆಮೇಲೆ ಅವನು ಮೆಟ್ಟಿಲ ಹತ್ತಿರ ಹೋಗಿ ಬಗ್ಗಿ ಕೇಳಿದ, “ಏನಮ್ಮಾ, ಎಷ್ಟೋ ವರ್ಷದಿಂದ ಇಲ್ಲೇ ಇದ್ದೀರ. ಇಲ್ಲೆಲ್ಲಾದ್ರೂ ಕಬ್ಬಿಣದ ಮುಚ್ಚಳ ನೋಡಿದ ನೆನಪಿದೆಯಾ?”

ಅಕ್ಕ ಸೀರೆ ಎತ್ತಿ ಕಟ್ಟಿ, ಪಾದ ಮುಳುಗುವಷ್ಟು ನೀರಿನಲ್ಲಿ ಕಟ್ಟು ಅಪ್ಪಿಕೊಂಡು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

“ಇಲ್ಲಪ್ಪ,” ಎಂದಳು. “ನಾನು ಒಳಗೆ ಕೂತು ಕೆಲಸ ಮಾಡೋಳು. ರಸ್ತೆ ಕಡೆ ಗಮನ ಇರಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂದು ಮಾತು ಹೇಳಲಿಕ್ಕೆ ಇವಳಿಗೇನು ದಾಡಿ ಎಂದುಕೊಂಡೆ. ನಿನಗೇನು ದಾಡಿ ಎಂದು ಒಳಗಿನಿಂದ ಯಾರೋ ಕೇಳಿದರು. ಕಟ್ಟು ಹೊತ್ತೆ. ಮೆಟ್ಟಿಲಿಗೂ ಪಕ್ಕದ ಕಟ್ಟಡಕ್ಕೂ ಮಧ್ಯೆ ಓಡಾಡುವಾಗೆಲ್ಲ ನನ್ನ ತೇಪೆಯ ಮೇಲೇ ಕಾಲಿಟ್ಟು ಹೋಗಬೇಕಿತ್ತು.

ಒಂದು ಗಂಟೆ ಹಾಗೇ ಹೋಯಿತು. ಕೆಳಗಿನ ಸಾಲು ನೆನೆಯಿತು. ಅದರಿಂದ ಮೇಲಿನ ಸಾಲು ನೀರು ಕುಡಿಯಿತು. ನೆನೆದ ನೋಟ್‌ಪುಸ್ತಕದ ಹೊಟ್ಟೆ ಉಬ್ಬುತ್ತದೆ, ರಟ್ಟು ಅಂಟು ಬಿಡುತ್ತದೆ. ಅಕ್ಕನ ಜೊತೆಯ ಹಿರಿಯ ಹೆಂಗಸು ಉಬ್ಬಿದ ಒಂದು ಪುಸ್ತಕ ಕೈಗೆತ್ತಿಕೊಂಡು, ನೆನೆಯದ ಹಾಳೆ ಯಾವುದಾದರೂ ಸಿಕ್ಕೀತೇ ಎಂದು ಒಂದೊಂದಾಗಿ ಬಿಡಿಸಿ ನೋಡತೊಡಗಿದಳು. “ಈ ಕಟ್ಟು ಪೂರ್ತಿ ನಾನು ಹೊಲ್ದಿದ್ದು,” ಎಂದಳು, ಯಾರಿಗೂ ಅಲ್ಲದೆ.

ಅದನ್ನು ನನ್ನಿಂದ ನೋಡಲಾಗಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ಅಲ್ಲೇ ಇಟ್ಟು ರಸ್ತೆಗೆ ಹತ್ತಿದೆ.

“ಮಾಮ, ಮುಚ್ಚಳ ಇಲ್ಲಿದೆ,” ಎಂದು ಹಿಮ್ಮಡಿಯಿಂದ ನೆಲ ಗುದ್ದಿದೆ. “ನಾನೇ ಮುಚ್ಚಿದ್ದು. ಬರ್ಕೊಳ್ಳಿ ಏನು ಬರ್ಕೋಬೇಕೋ.”

ನಕ್ಷೆ ಮಾಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಬೆಳಿಗ್ಗಿಂದ ನನ್ನ ಜೊತೆಗೇ ಇದ್ಯಲ್ಲಯ್ಯಾ ನೀನು,” ಎಂದ. ಹಾರೆಯನ್ನು ನನ್ನ ಕೈಗಿಟ್ಟ.

ಒಡೆಯಲು ಶುರು ಮಾಡಿದೆವು. ಬೇರೆ ಯಾರ ತೇಪೆಯಾಗಿದ್ದರೂ ಹಾರೆಯ ಎರಡು ಮೀಟಿಗೆ ಹೋಳು ಹೋಳಾಗಿ ಏಳುತ್ತಿತ್ತು. ಇದು ಏಳಲಿಲ್ಲ. ಹಾರೆ ಬಿದ್ದ ಕಡೆ ಬೆರಳಗಲ ಗಾಯವಾಗುತ್ತಿತ್ತು, ಅಷ್ಟೆ. ಇಬ್ಬರು ಆಳುಗಳು, ನಾನು, ಕೊನೆಗೆ ಅಂಗಿ ಬಿಚ್ಚಿಟ್ಟು ನಕ್ಷೆ ಮಾಮ. ಮೂರನೆಯ ಪದರ ಯಾಕೆ ಹಾಕಿದೆ ಎಂದು ನನ್ನನ್ನೇ ಶಪಿಸಿಕೊಳ್ಳುತ್ತಾ ಹೊಡೆದೆ. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮುಕ್ಕಾಲು ಗಂಟೆಯ ಮೇಲೆ ಕಬ್ಬಿಣ ಸಿಕ್ಕಿತು. ನಕ್ಷೆ ಮಾಮ ಮುಚ್ಚಳ ತೆಗೆದು, ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಇಳಿಸಿ ಒಂದೊಂದೇ ಸುತ್ತು ತಿರುಗಿಸಿದ. ಮೇಲೆ ಚಿಮ್ಮುತ್ತಿದ್ದ ನೀರು ಕುಗ್ಗಿ, ಗುಳುಗುಳು ಎಂದು ನಿಂತಿತು. ಆ ಹೊತ್ತಿಗೆ ಸಾಹೇಬರಿಂದ ಫೋನ್ ಬಂತು, ದೊಡ್ಡ ವಾಲ್ವ್ ಮುಚ್ಚಲು ಒಪ್ಪಿಗೆ ಇದೆ ಎಂದು. ನಕ್ಷೆ ಮಾಮ ಬೇಡ ಎಂದ, ಯಾಕೆ ಬೇಡ ಎಂಬುದನ್ನೂ ಹೇಳಿದ. ಹೇಳಲೇಬೇಕಿತ್ತು. ಫೋನನ್ನು ನನ್ನ ಕೈಗೆ ಕೊಟ್ಟ. ನೀರಿಗೂ ರಸ್ತೆಗೂ ಸಾಹೇಬರು ಒಬ್ಬರೇ. ಅವರದು ಚಿಕ್ಕ ಮಾತು. ಲಾರಿಯ ಕೀಲಿಯನ್ನು ಆಳಿಗೆ ಕೊಟ್ಟು ಮನೆಗೆ ಹೋಗು, ನಾಳೆಯಿಂದ ಬರಬೇಡ.

ಒಳಗೆ ಹೋದೆ. ಹೆಂಗಸರಿಬ್ಬರೂ ಹೊರಗೆ ಕಟ್ಟು ಕಾಯುತ್ತಿದ್ದರು. ಅಕ್ಕ ಒಬ್ಬಳೇ ಬಕೆಟ್ಟಿನಿಂದ ನೀರು ಮೊಗೆಯುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ಕಟ್ಟು ಹಾಳಾಗಿತ್ತು. ಶಾಲೆಗೆ ಅರ್ಧ ಬೇಡ.

“ಹೇಳ್ಬಿಟ್ಟೆ,” ಎಂದೆ. “ಕೆಲಸ ಹೋಯ್ತು.”

ಅಕ್ಕ ಬಕೆಟ್ಟನ್ನು ಕುಕ್ಕಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡದ್ದೇ ಕಡಿಮೆ.

“ಹೇಳೋ ಹಾಗಿದ್ರೆ ಬಂದ ತಕ್ಷಣ ಹೇಳ್ಬೇಕಿತ್ತು. ಆವಾಗ ಪುಸ್ತಕ ಆದ್ರೂ ಉಳೀತಿತ್ತು. ನೀನು ಬಾಯಿ ಬಿಡಲಿಲ್ಲ. ಸರಿ, ಇವನಿಗೆ ಹೇಳೋಕಾಗಲ್ಲ, ಪುಸ್ತಕ ಹೋದ್ರೆ ಹೋಗ್ಲಿ, ಇವನ ಕೆಲಸ ಆದ್ರೂ ಇರ್ಲಿ ಅಂತ ನಾನು ಮನಸ್ಸು ಗಟ್ಟಿ ಮಾಡ್ಕೊಂಡೆ. ಎಲ್ಲ ನೆನೆದು ಮುದ್ದೆ ಆದ್ಮೇಲೆ ಹೋಗಿ ಹೇಳ್ತೀಯಲ್ಲೋ. ಈಗ ಯಾವುದು ಉಳೀತು?”

“ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ ಅಕ್ಕ.”

ಅವಳು ನನ್ನನ್ನೇ ನೋಡಿದಳು. ಸಿಟ್ಟು ಇಳಿದು ಆ ಜಾಗದಲ್ಲಿ ಬರೀ ಸುಸ್ತು ಉಳಿದಿತ್ತು.

“ನೀನು ಆರು ವರ್ಷದೋನಿದ್ದಾಗಿಂದ ನೋಡ್ತಾ ಇದ್ದೀನಿ,” ಎಂದಳು. “ನಿನ್ನ ತಪ್ಪನ್ನ ಯಾರ ಮುಂದೆ ಆದ್ರೂ ಹೇಳಿದ್ದೀನೇನೋ ನಾನು?”

ನೆನಪು ಮಾಡಿಕೊಂಡೆ. ಒಂದೇ ಒಂದು ಸಲ ಸಿಕ್ಕಿದ್ದರೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಸಿಗಲಿಲ್ಲ. ಅಕ್ಕ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, ಒದ್ದೆ ಕಟ್ಟಿನ ದಾರವನ್ನು ಬಿಚ್ಚತೊಡಗಿದಳು.