ಭಾನುಮತಿಯ ಹೆಸರಿನಲ್ಲಿ

ನೈರೋಬಿಯ ವೈಯಾಕಿ ವೇಯಲ್ಲಿ ಬೆಳಗಿನ ಹೊತ್ತು ವಾಹನಗಳು ನಿಂತವೆಂದರೆ ನಿಂತೇ ಬಿಟ್ಟವು. ಲೊರೆಶೋದ ಮನೆಯಿಂದ ವೆಸ್ಟ್‌ಲ್ಯಾಂಡ್ಸ್‌ನ ಆಫೀಸು ದೂರವೇನಲ್ಲ, ಆದರೂ ಕಾರು ತೆವಳುತ್ತಿತ್ತು. ಭಾನುಮತಿ ಆ ತೆವಳುವ ಹೊತ್ತನ್ನೇ ಓದಿಗೆ ಮೀಸಲಿಟ್ಟಿದ್ದಳು. ಗಂಡ ಹೃಷಿಕೇಶ್ ಅಡ್ಡ ನುಗ್ಗುವ ಮಟಾಟು ವ್ಯಾನುಗಳಿಗೆ ಬೈಯುತ್ತ ಕಾರು ಓಡಿಸುತ್ತಿದ್ದರೆ, ಹಿಂದಿನ ಸೀಟಿನಲ್ಲಿ ಮಗಳು ಅನಘಾ ಯೂನಿಫಾರ್ಮ್ ತೊಟ್ಟು, ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಳು.

“ಅಮ್ಮಾ, ಫೋಕಸ್! ವೆನ್ ಡಸ್ ಡಿಸ್ಚಾರ್ಜ್ ಪ್ಲಾನಿಂಗ್ ಬಿಗಿನ್?”

“ಪೇಷೆಂಟ್ ಅಡ್ಮಿಟ್ ಆದ ದಿನದಿಂದ್ಲೇ.”

“ಕರೆಕ್ಟ್. ಬಟ್ ದಿ ಎಕ್ಸಾಮ್ ಈಸ್ ನಾಟ್ ಇನ್ ಕನ್ನಡ.”

ಹೃಷಿಕೇಶ್ ನಕ್ಕ. ಭಾನುಮತಿಯೂ ನಕ್ಕಳು. ಆ ವಾರ ಅವಳು ನಕ್ಕದ್ದು ಅದೇ ಕೊನೆ.

ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳು ವಾರ್ಡ್ ಸಿಸ್ಟರ್ ಆಗಿದ್ದವಳು. ಹೃಷಿಕೇಶನಿಗೆ ನೈರೋಬಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಬಹಳ ಕಾಲ ಮನೆಯಲ್ಲೇ ಕೂತಿದ್ದಳು. ಕೊನೆಗೆ ಅವನ ಪರಿಚಯದ ದ್ವಾರಕಾನಾಥ್ ತಾನು ಮ್ಯಾನೇಜರಾಗಿದ್ದ ಆರೋಗ್ಯ ವಿಮಾ ಕಂಪನಿಯಲ್ಲಿ ಅವಳಿಗೆ ಜಾಗ ಕೊಟ್ಟ. ರೋಗಿ ಆಸ್ಪತ್ರೆಗೆ ಸೇರಿದಲ್ಲಿಂದ ಮನೆಯಲ್ಲಿ ಚೇತರಿಸಿಕೊಳ್ಳುವವರೆಗೆ ಯಾವ ಚಿಕಿತ್ಸೆ ಬೇಕು, ಯಾವಾಗ ಬಿಡುಗಡೆ, ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಜೋಡಿಸಿಕೊಡುವುದು ಅವಳ ಕೆಲಸ. ಅದಕ್ಕೆ ಕೇಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿದೆ, ನರ್ಸುಗಳಿಗೆಂದೇ ಒಂದು ವಿದೇಶೀ ಪರೀಕ್ಷೆಯೂ ಇದೆ ಎಂದು ಅವಳಿಗೆ ಗೊತ್ತಾದದ್ದು ಇಲ್ಲಿಯೇ. “ನೀವು ಪಾಸ್ ಮಾಡಿ, ಡಿಪಾರ್ಟ್‌ಮೆಂಟೇ ನಿಮ್ಮ ಕೈಗೆ ಕೊಡ್ತೀನಿ,” ಎಂದಿದ್ದ ದ್ವಾರಕಾನಾಥ್. ಓದಲು ರಜೆ, ಶುಲ್ಕ ಎಲ್ಲವೂ ಕಂಪನಿಯದೇ. ಅದು ಎರಡು ಸಾವಿರದ ಆರನೇ ಇಸವಿ. ಪರೀಕ್ಷೆಗೆ ಇನ್ನು ಮೂರೇ ವಾರ ಉಳಿದಿತ್ತು.

ಅಂದು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಮಾದರಿ ಪ್ರಶ್ನೆ ಬಿಡಿಸುತ್ತಿದ್ದಾಗ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

“ಭಾನುಮತಿ ಸಿಸ್ಟರ್ರಾ? ನಾನು ಕೋಕಿಲಾ. ವಿಶ್ವನಾಥ್ ಅವರ ಮನೆಯವಳು.”

ವಿಶ್ವನಾಥ್ ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಕಾರ್ಖಾನೆಯೊಂದರ ಎಂಜಿನಿಯರ್; ವಿಮೆ ಭಾನುಮತಿಯ ಕಂಪನಿಯದೇ. ಕೆಲಸದ ಜಾಗದಲ್ಲೇ ಪಾರ್ಶ್ವವಾಯು ಬಡಿದು ಬಿದ್ದಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ಹೋಗಿತ್ತು, ನೀರು ಸಹ ನುಂಗಲಾಗದೆ ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರು. ಭಾನುಮತಿ ಹೋಗಿ ನೋಡಿ ಬಂದಿದ್ದಳು. ನುಂಗುವ ಶಕ್ತಿ ಮರಳುವವರೆಗೆ ಆಸ್ಪತ್ರೆ, ಆಮೇಲೆ ಇಲ್ಲಿಯೇ ಫಿಸಿಯೋಥೆರಪಿ ಎಂದು ಬರೆದು ಕೊಟ್ಟಿದ್ದಳು.

“ಹೇಳಮ್ಮಾ, ಹೇಗಿದಾರೆ?”

“ಹೇಗಿದಾರೆ ಅಂತ ಕೇಳ್ತೀರಲ್ಲ! ಶುಕ್ರವಾರದ ಫ್ಲೈಟ್‌ಗೆ ಹತ್ತಿಸಿ ಊರಿಗೆ ಕಳಿಸಿ ಅಂತ ನೀವೇ ಹೇಳಿ, ಈಗ ಹೇಗಿದಾರೆ ಅಂತೀರಾ? ಕನ್ನಡದೋರು, ನಮ್ಮೋರು ಅಂತ ನಂಬಿದ್ನಲ್ಲ. ನಿಮಗೆ ಗಂಡ, ಮಕ್ಕಳು ಇಲ್ವಾ?”

ಫೋನು ಕಟ್ಟಾಯಿತು. ಭಾನುಮತಿಗೆ ತಲೆಬುಡ ಅರ್ಥವಾಗಲಿಲ್ಲ. ಡಬ್ಬಿ ಮುಚ್ಚದೆ, ಪುಸ್ತಕ ಮಡಚದೆ ಹೊರಬಿದ್ದು ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದಳು.

ಕೋಕಿಲಾ ಅವಳನ್ನು ಕಂಡದ್ದೇ ಮುಖ ಗೋಡೆಗೆ ತಿರುಗಿಸಿ ನಿಂತಳು. ಮಂಚದ ಪಕ್ಕದಲ್ಲಿ ಸೂಟ್‌ಕೇಸು ಆಗಲೇ ಅರ್ಧ ತುಂಬಿತ್ತು. ವಿಶ್ವನಾಥ್ ಎಡಗೈಯಿಂದ ಹೊದಿಕೆಯ ಅಂಚು ಹಿಡಿದು ಇಬ್ಬರನ್ನೂ ನೋಡುತ್ತಿದ್ದರು. ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ಆ ಕಣ್ಣುಗಳ ಭಯ ಭಾನುಮತಿಗೆ ಕಂಡಿತು. ಅಷ್ಟರಲ್ಲಿ ಡಾಕ್ಟರ್ ಮುಥೋನಿ ರೌಂಡ್ಸಿಗೆ ಬಂದರು.

“ಡಾಕ್ಟರ್, ಇವರನ್ನ ಬಿಡುಗಡೆ ಮಾಡೋಕೆ ನೀವು ಒಪ್ಪಿದ್ದು ಹೇಗೆ?” ಎಂದು ಭಾನುಮತಿ ಇಂಗ್ಲಿಷಿನಲ್ಲಿ ಕೇಳಿದಳು.

ಮುಥೋನಿ ಹುಬ್ಬೇರಿಸಿದರು. “ನಾನೆಲ್ಲಿ ಒಪ್ಪಿದೆ? ಊರಿಗೆ ಕರ್ಕೊಂಡು ಹೋಗ್ತೀವಿ ಅಂತ ಮನೆಯವರೇ ಹಟ ಹಿಡಿದಿದಾರೆ ಅಂತ ನಿಮ್ಮ ಕಂಪನಿಯಿಂದ ಫೋನ್ ಬಂತು. ಮನೆಯವರ ಇಷ್ಟ ಅಂದ್ಮೇಲೆ ನಾನು ಕಟ್ಟಿಹಾಕೋಕಾಗುತ್ತಾ?”

ಕೋಕಿಲಾ ಗೋಡೆಯಿಂದ ತಿರುಗಿದಳು. “ನಾವಾ? ನಾವೆಲ್ಲಿ ಹಟ ಮಾಡಿದ್ವಿ? ಸಿಸ್ಟರ್ ಹೇಳಿದಾರೆ, ವಿಮಾನದಲ್ಲಿ ಏನೂ ತೊಂದರೆ ಇಲ್ಲ ಅಂತ ಇವರ ಆಫೀಸಿನವರೇ ನನಗೆ ಹೇಳಿದ್ದು!”

ಭಾನುಮತಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಡಾಕ್ಟರಿಗೆ ಮನೆಯವರ ಹೆಸರು, ಮನೆಯವರಿಗೆ ತನ್ನ ಹೆಸರು. ನಡುವೆ ಈ ಮನುಷ್ಯ ಅಷ್ಟು ಗಂಟೆಯ ಹಾರಾಟದಲ್ಲಿ, ಜೊತೆಗೊಬ್ಬ ನರ್ಸಿಲ್ಲದೆ, ಎಂಜಲು ಶ್ವಾಸಕೋಶಕ್ಕಿಳಿದು ಉಸಿರುಕಟ್ಟಿದರೆ ಹೆಂಡತಿ ಯಾರನ್ನು ಕೂಗಬೇಕಿತ್ತು?

“ನಾನು ಹೇಳಿಲ್ಲ ಕೋಕಿಲಾ. ಇವರನ್ನ ಅಲ್ಲಾಡಿಸಬಾರದು ಅಂತ ಬರೆದುಕೊಟ್ಟೋಳು ನಾನು. ಈಗ ನೀವು ಡಾಕ್ಟರ್ ಎದುರಿಗೇ ಹೇಳಿ, ನಿಮಗೆ ಏನು ಬೇಕು?”

“ಇವರು ಇಲ್ಲೇ ಇರ್ಬೇಕು,” ಎಂದಳು ಕೋಕಿಲಾ, ಡಾಕ್ಟರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ. ಅಳುತ್ತಿದ್ದರೂ ಧ್ವನಿ ಗಟ್ಟಿಯಾಗಿತ್ತು. ಮುಥೋನಿ ಅಲ್ಲಿಯೇ ನಿಂತು, ರೋಗಿ ಪ್ರಯಾಣಕ್ಕೆ ಯೋಗ್ಯನಲ್ಲ ಎಂದು ಬರೆದು ಸಹಿ ಹಾಕಿದರು.

ಆಫೀಸಿನಲ್ಲಿ ದ್ವಾರಕಾನಾಥ್ ಎಂದಿನ ನಗೆ ನಕ್ಕ. “ಬನ್ನಿ, ಬನ್ನಿ. ಓದು ಹೇಗೆ ನಡೀತಿದೆ?”

“ವಿಶ್ವನಾಥ್ ಅವರನ್ನ ವಿಮಾನ ಹತ್ತಿಸಿ ಅಂತ ನಾನು ಯಾವಾಗ ಹೇಳ್ದೆ ಸರ್?”

“ಓ, ಅದಾ?” ಅವನು ಕುರ್ಚಿಗೆ ಒರಗಿದ. “ಇಲ್ಲಿ ಎಷ್ಟು ದಿನ ಅಂತ ಬಿಲ್ ಕಟ್ಟಿ ಇಟ್ಕೊಳ್ಳೋದು ಹೇಳಿ. ಊರಲ್ಲಿ ಅವರ ಜನ ಇದಾರೆ, ನೋಡ್ಕೋತಾರೆ. ಆ ಹೆಂಗಸು ಯಾರ ಮಾತೂ ಕೇಳ್ತಿರಲಿಲ್ಲ. ನಿಮ್ಮ ಹೆಸರು ಹೇಳಿದ್ರೆ, ಕನ್ನಡದ ಸಿಸ್ಟರ್ ಅಂತ ಒಪ್ಕೋತಾರೆ ಅಂದ್ಕೊಂಡೆ. ಇಷ್ಟಕ್ಕೆಲ್ಲ...”

“ಇಷ್ಟಕ್ಕೆ?” ಭಾನುಮತಿಯ ಧ್ವನಿಗೆ ಗಾಜಿನಾಚೆಯ ಟೈಪಿಸ್ಟುಗಳು ತಲೆಯೆತ್ತಿದರು. “ಅವರು ಸತ್ತಿದ್ರೆ ಆ ಹುಡುಗಿ ಸಾಯೋ ತನಕ ಯಾರಿಗೆ ಶಾಪ ಹಾಕ್ತಿದ್ಲು? ನಿಮಗಾ? ನಿಮ್ಮ ಹೆಸರೇ ಅವಳಿಗೆ ಗೊತ್ತಿಲ್ಲ! ಮೈಸೂರಲ್ಲಿ ಸರ್ಜನ್‌ಗಳಿಗೇ ಎದುರು ನಿಂತು ಬೈದೋಳು ನಾನು. ನೀವು ಯಾವ ಲೆಕ್ಕ ನನಗೆ?”

ದ್ವಾರಕಾನಾಥನ ನಗೆ ಇಳಿಯಿತು. “ಮೆಲ್ಲಗೆ ಮಾತಾಡಿ. ನಿಮ್ಮನ್ನ ಪರೀಕ್ಷೆಗೆ ಕಳಿಸ್ತಿರೋದು ಕಂಪನಿ. ರಜೆ ನಾನು ಸ್ಯಾಂಕ್ಷನ್ ಮಾಡಿದ್ದು. ನೆನಪಿರಲಿ.”

“ನಿಮ್ಮ ರಜೆ ನೀವೇ ಇಟ್ಕೊಳ್ಳಿ. ಶುಲ್ಕವೂ ಬೇಡ. ಪರೀಕ್ಷೆ ನಾನು ಬರೀತೀನಿ. ಇನ್ನೊಂದು ಸಲ ನನ್ನ ಹೆಸರಲ್ಲಿ ಯಾರಿಗಾದ್ರೂ ಏನಾದ್ರೂ ಹೇಳಿದ್ರೆ, ಆ ಪೇಷೆಂಟ್ ಮುಂದೇನೇ ನಿಮ್ಮನ್ನ ಕರೆದು ನಿಲ್ಲಿಸ್ತೀನಿ.”

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೃಷಿಕೇಶ್ ರಾಗ ಎಳೆದ. ಸುದ್ದಿ ಅವಳಿಗಿಂತ ಮೊದಲೇ ಅವನನ್ನು ಮುಟ್ಟಿತ್ತು. “ನೀನು ಹೇಳಿದ್ದು ತಪ್ಪಲ್ಲ ಭಾನು. ಆದ್ರೂ ಅವರು ನಮಗೆ ಬೇಕಾದವರು. ಸ್ವಲ್ಪ ಸಂಭಾಳಿಸಬಾರದಿತ್ತಾ?”

ಅವಳು ಹೆಚ್ಚುತ್ತಿದ್ದ ಹುರುಳಿಕಾಯಿ ಬಿಟ್ಟು ತಿರುಗಿದಳು. “ನೀವು ಕ್ವಾಲಿಟಿ ನೋಡೋರು ತಾನೇ? ಫೇಲಾದ ಔಷಧೀನ ನಿಮ್ಮ ಹೆಸರಲ್ಲಿ ಪಾಸ್ ಮಾಡಿ ಹೊರಗೆ ಕಳಿಸಿದ್ರೆ ನೀವು ಸಂಭಾಳಿಸ್ತಿದ್ರೇನ್ರೀ?”

ಹೃಷಿಕೇಶ್ ಹಾಲ್‌ಗೆ ಹೋಗಿ ಟಿವಿ ಹಾಕಿದ. ಅವನು ಎದುರು ಮಾತಾಡಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ. ಟಿವಿಯ ಸದ್ದು ಇನ್ನಷ್ಟು ಸಿಟ್ಟೆಬ್ಬಿಸಿತು.

ಮುಂದಿನ ದಿನಗಳಲ್ಲಿ ಅವಳು ಓದಿದ್ದೆಲ್ಲ ಸಿಟ್ಟಿನಲ್ಲೇ. ರೋಗಿಯ ಪರವಾಗಿ ಮಾತಾಡುವುದು ಕೇಸ್ ಮ್ಯಾನೇಜರ್ ಆದವಳ ಮೊದಲ ಧರ್ಮ ಎಂಬ ಅಧ್ಯಾಯವನ್ನು ಎರಡು ಪುಟ ಓದಿ ಪುಸ್ತಕವನ್ನು ಸೋಫಾದ ಮೇಲೆಸೆದಳು. ಅನಘಾ ಸದ್ದಿಲ್ಲದೆ ಅದನ್ನೆತ್ತಿ, ಅದೇ ಪುಟ ತೆರೆದು, “ನೆಕ್ಸ್ಟ್ ಕ್ವೆಶ್ಚನ್?” ಎಂದಳು. ಆಫೀಸಿನಲ್ಲಿ ದ್ವಾರಕಾನಾಥ್ ಅವಳ ಮೇಜಿಗೆ ಎಲ್ಲರ ಕೆಲಸ ತಂದು ಸುರಿದ. ಪರೀಕ್ಷೆಯ ದಿನ ಅವಳು ತನ್ನ ಸ್ವಂತ ರಜೆ ಹಾಕಿ, ಮಟಾಟು ಹತ್ತಿ ಪಟ್ಟಣದ ಪರೀಕ್ಷಾ ಕೇಂದ್ರಕ್ಕೆ ಹೋದಳು. ವಿಮಾ ಕಂಪನಿಗಳ ಬಗೆಗಿನ ಪ್ರಶ್ನೆ ಬಂದಾಗಲೆಲ್ಲ ಹಲ್ಲು ಕಚ್ಚಿದಳು. ಫಲಿತಾಂಶ ಬಂದಾಗ ದಡ ಸೇರಿದ್ದು ಕೂದಲೆಳೆಯ ಅಂತರದಲ್ಲಿ. ಸೇರಿದ್ದಂತೂ ನಿಜ.

ಹೃಷಿಕೇಶ್ ಮಿಠಾಯಿ ತಂದ. “ದ್ವಾರಕಾನಾಥ್ ತುಂಬಾ ಖುಷಿಯಾಗಿದಾರೆ ಕಣೇ. ನಮ್ಮ ಸರ್ಟಿಫೈಡ್ ಸಿಸ್ಟರ್ ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದಾರೆ. ಭಾನುವಾರ ಊಟಕ್ಕೆ ಕರೆದಿದೀನಿ. ಹಳೇದೆಲ್ಲ ಮರೆತುಬಿಡೋಣ.”

ಭಾನುಮತಿ ಮಿಠಾಯಿಯ ಪೆಟ್ಟಿಗೆಯನ್ನು ಮಗಳ ಕಡೆ ಸರಿಸಿದಳು. “ಬರಲಿ. ಬಿಸಿಬೇಳೆಬಾತ್ ನೀವೇ ಮಾಡಿ, ನೀವೇ ಬಡಿಸಿ. ನಾನಿರಲ್ಲ.”

“ಇದೇನೇ ಇದು, ಮನೆಗೆ ಬಂದವರ ಮುಂದೆ...”

“ಮನೆಗೆ ಕರೆದೋರು ನೀವು.”

ಭಾನುವಾರ ಅವಳು ಹಸಿರು ಸೀರೆಯುಟ್ಟು ಆಸ್ಪತ್ರೆಗೆ ಹೊರಟಳು. ವಿಶ್ವನಾಥರ ನಳಿಕೆ ತೆಗೆದಿದ್ದರು. ಕೋಕಿಲಾ ಗಟ್ಟಿ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು; ಅವರು ಗದ್ದ ಬಗ್ಗಿಸಿ, ಕಷ್ಟಪಟ್ಟು, ಒಂದೊಂದೇ ಗುಟುಕು ನುಂಗುತ್ತಿದ್ದರು.

“ಅಕ್ಕಾ, ನಿಮ್ಮ ಆಫೀಸಿನಿಂದ ಮತ್ತೆ ಫೋನ್ ಬಂದಿತ್ತು,” ಎಂದಳು ಕೋಕಿಲಾ. “ಸರ್ಟಿಫಿಕೇಟ್ ಇರೋ ಸಿಸ್ಟರ್ ಹೇಳಿದಾರೆ, ಫಿಸಿಯೋಥೆರಪಿ ಇನ್ನು ಸಾಕು ಅಂತ.”

ಭಾನುಮತಿ ಅವಳ ಕೈಯಿಂದ ಮೊಬೈಲು ತೆಗೆದುಕೊಂಡು, ಮಂಚದ ಅಂಚಿನಲ್ಲಿ ಕೂತು, ತನ್ನ ಮನೆಯ ನಂಬರು ಒತ್ತಿದಳು.

“ರೀ, ಊಟ ಆಯ್ತಾ? ದ್ವಾರಕಾನಾಥ್ ಅವರಿಗೆ ಫೋನ್ ಕೊಡಿ. ವಿಶ್ವನಾಥ್ ಅವರು ನನ್ನ ಪಕ್ಕದಲ್ಲೇ ಇದಾರೆ, ಅವರೂ ಕೇಳಿಸ್ಕೊಳ್ಳಲಿ.”