ಐಸ್ ಫ್ಯಾಕ್ಟರಿಯಲ್ಲಿ ಮೋಡದ ಪಾಠ

ಜಯಂತಿ ಗೋವಾದ ಹವಾಮಾನ ಕಚೇರಿ ಸೇರಿ ಕೆಲವು ವರ್ಷಗಳಾಗಿದ್ದವು. ಮುನ್ಸೂಚನೆ ಬರೆಯುವುದೇ ಅವಳ ಕೆಲಸವಾದರೂ ‘ಮಳೆ ಬರುತ್ತದೆ’ ಎಂದಾಗಲಿ ‘ಬರುವುದಿಲ್ಲ’ ಎಂದಾಗಲಿ ಅವಳು ಬರೆದದ್ದಿಲ್ಲ. ‘ಬರುವ ಸಾಧ್ಯತೆ ಇದೆ’ ಎಂದರೆ ಯಾರೂ ಬೈಯುವುದಿಲ್ಲ ಎಂಬುದು ಅವಳ ಲೆಕ್ಕ.

2006ರಲ್ಲಿ ಉಪಗ್ರಹ ಚಿತ್ರ ಓದುವ ತರಬೇತಿಯೊಂದಕ್ಕೆ ಕಚೇರಿಯವರು ಅವಳ ಹೆಸರು ಕೊಟ್ಟರು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗುರುಗಳು ಮಸ್ಕತ್ತಿನಲ್ಲಿ, ಸಹಪಾಠಿಗಳು ಕೊಲಂಬೊ, ನೈರೋಬಿ, ಮಾಲೆ ನಗರಗಳಲ್ಲಿ. ಎಲ್ಲರೂ ತಂತಮ್ಮ ಕಂಪ್ಯೂಟರ್ ಮುಂದೆ ಕೂತು, ಒಂದೇ ಚಿತ್ರ ನೋಡುತ್ತ, ಇಂಟರ್‌ನೆಟ್ಟಿನಲ್ಲೇ ಮಾತಾಡಿಕೊಳ್ಳುವುದು. ಪಾಠ ಅವಳಿಗೆ ಹಿಡಿಸಿತ್ತು. ಆದರೆ ಕೊನೆಯ ಪರೀಕ್ಷೆಯ ದಿನ ಬದಲಾಗಿ, ಅವಳು ಅಣ್ಣನ ಮಗಳ ನಾಮಕರಣಕ್ಕೆ ತನ್ನೂರು ಅಂಕೋಲೆಗೆ ಬಂದಿದ್ದ ನವೆಂಬರಿನ ವಾರಕ್ಕೇ ಬಂದು ಕೂತಿತು.

ಪರೀಕ್ಷೆಯ ಬೆಳಿಗ್ಗೆ ಅವಳು ಪೇಟೆಯಲ್ಲಿದ್ದ ಮಂಗೇಶನ ಸೈಬರ್ ಕೆಫೆಗೆ ಹೋದಳು. ಮಂಗೇಶ ಅವಳ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಅಂದಿನ ಎರಡು ಚಿತ್ರ ಮೇಲ್‌ನಲ್ಲಿ ಬಂದಿದ್ದವು. ಅವರವರ ಕರಾವಳಿಯ ಮೇಲೆ ಏನಿದೆ, ಸಂಜೆವರೆಗೆ ಏನಾಗುತ್ತದೆ ಎಂದು ಹೇಳುವುದೇ ಪರೀಕ್ಷೆ. ಚಿತ್ರಗಳು ಇಳಿದು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ವಿಚಾರಿಸಿದರೆ, ಸಂಜೆಯ ತನಕ ಬರುವುದಿಲ್ಲವಂತೆ.

ಜಯಂತಿಗೆ ಅಳುವೇ ಬಂತು. ಮಂಗೇಶ ಮಾತ್ರ ಸ್ವಲ್ಪ ಯೋಚಿಸಿ, ಕಂಪ್ಯೂಟರನ್ನೂ ಜಯಂತಿಯನ್ನೂ ರಿಕ್ಷಾದಲ್ಲಿ ಹೇರಿಕೊಂಡು ಕಡಲತಡಿಯ ಕೇಣಿ ಊರಿನ ಐಸ್ ಫ್ಯಾಕ್ಟರಿಗೆ ಹೊರಟ. ಅಲ್ಲಿ ಜನರೇಟರ್ ಇತ್ತು, ಫೋನೂ ಇತ್ತು. ಮಾಲೀಕ ಶಾಂತಾರಾಮ ಮಂಗೇಶನಿಗೆ ಮಾವನಾಗಬೇಕು. ಆತ ತನ್ನ ಮೇಜನ್ನೇ ಖಾಲಿ ಮಾಡಿಕೊಟ್ಟ. ಫೋನಿನ ತಂತಿ ಕಂಪ್ಯೂಟರಿಗೆ ಸಿಕ್ಕಿಸಿ ಸಂಪರ್ಕ ಸಿಗುವ ಹೊತ್ತಿಗೆ ಉಳಿದವರದೆಲ್ಲ ಮುಗಿದು ಅವಳ ಸರದಿಯೇ ಬಂದಿತ್ತು. ಗುರುಗಳು ಮೊದಲು ಕೇಳಿದ್ದು ಆ ಗಡಗಡ ಸದ್ದು ಯಾವುದೆಂದು. ಐಸ್ ಮಾಡುವ ಯಂತ್ರ ಎಂದು ಕೇಳಿ ನೈರೋಬಿಯವನು ಜೋರಾಗಿ ನಕ್ಕ. ಮಂಗೇಶನ ಹೆಡ್‌ಫೋನ್ ಆ ಸದ್ದಿಗೆ ಸಾಲದೆ ಸ್ಪೀಕರನ್ನೇ ಹಾಕಬೇಕಾಯಿತು.

ಹೊರಗೆ ಮೋಡ ಕವಿದು ಆಕಾಶವೆಲ್ಲ ಬಿಳಿಚಿತ್ತು. ಆ ಮೋಡ ಚಿತ್ರದಲ್ಲೂ ಇತ್ತು. ಜಯಂತಿ ಅದನ್ನು ವಿವರಿಸಿ, ಮಳೆಯ ಸಾಧ್ಯತೆ ಕಡಿಮೆ, ಆದರೂ ಇಲ್ಲವೆನ್ನಲಾಗದು ಎಂದು ಎಂದಿನಂತೆ ಮುಗಿಸಿದಳು.

ಐಸ್ ಒಯ್ಯಲು ಬಂದಿದ್ದ ಮೀನುಗಾರರ ಕೇರಿಯ ಹೊನ್ನು ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಇದೇನು ನಡೆದಿದೆ ಎಂದು ಮಂಗೇಶನನ್ನು ಕೇಳಿ, ನಮ್ಮ ಕಡೆಯ ಮಳೆಯ ವಿಚಾರವೇ ಎಂದು ತಿಳಿದದ್ದೇ ತಡ, ನೇರ ಒಳಗೇ ಬಂದಳು. ಅವಳ ಮನೆಯಲ್ಲಿ ಬೆಳಿಗ್ಗೆ ಬಂದ ಸಿಗಡಿ ರಾಶಿ ಬಿದ್ದಿತ್ತು. ಮಳೆಯಾಗುವುದಾದರೆ ಐಸಿನಲ್ಲಿಟ್ಟು ಸಿಕ್ಕಿದ ರೇಟಿಗೆ ಕೊಡಬೇಕು. ಇಲ್ಲವಾದರೆ ಕಡಲದಂಡೆಯ ಬೇಲೆಯಲ್ಲಿ ಮರಳ ಮೇಲೆ ಹರಗಿ ಒಣಗಿಸಬಹುದು.

ಜಯಂತಿ ಅವಳಿಗೂ ಸಾಧ್ಯತೆ ಕಡಿಮೆ ಎಂದೇ ಹೇಳಿದಳು.

“ಕಡ್ಮೆ ಅಂದ್ರೆ ಎಂತದು ತಂಗಿ?” ಎಂದಳು ಹೊನ್ನು. “ನಾ ಐಸ್ ತಕಂಡು ಹೋಗ್ಲಾ, ಸಿಗಡಿ ಹರಗ್ಲಾ? ಎರಡ್ರಲ್ಲಿ ಒಂದು ಹೇಳು.”

ಯಾರು ಮಾತಾಡುತ್ತಿರುವುದು ಎಂದು ಮಸ್ಕತ್ತಿನಿಂದ ಪ್ರಶ್ನೆ ಬಂತು. ಜಯಂತಿ ನಾಚಿಕೊಂಡೇ ಎಲ್ಲ ಹೇಳಿದಳು. ಗುರುಗಳು ನಗಲಿಲ್ಲ. ನನ್ನ ಪ್ರಶ್ನೆ ಬಿಡು, ಆ ತಾಯಿಗೆ ಉತ್ತರ ಕೊಡು, ನಾವೆಲ್ಲ ಕಾಯುತ್ತೇವೆ ಎಂದರು.

ಅವಳು ಎರಡೂ ಚಿತ್ರಗಳನ್ನು ಮತ್ತೆ ಅಕ್ಕಪಕ್ಕ ಇಟ್ಟಳು. ಶಾಖ ಅಳೆದು ತೆಗೆದ ಚಿತ್ರದಲ್ಲಿ ಮೋಡ ಬೆಳ್ಳಗೆ ಹೊಳೆಯುತ್ತಿತ್ತು. ಎಂದರೆ ಬಹಳ ಎತ್ತರದ, ತಣ್ಣನೆಯ ಮೋಡ. ಬಿಸಿಲ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಅದೇ ಮೋಡದ ಮೂಲಕ ಕಾರವಾರದ ದಂಡೆ, ಕಾಳಿ ನದಿಯ ಬಾಯಿ ಎಲ್ಲ ಕಾಣುತ್ತಿತ್ತು. ತೆಳು ಪರದೆಯಷ್ಟೇ ಅದು. ಅದರಲ್ಲಿ ಮಳೆ ಇಲ್ಲ. ದಪ್ಪ ಮೋಡವಿದ್ದದ್ದು ದೂರ ದಕ್ಷಿಣದಲ್ಲಿ. ಇದು ಅವಳಿಗೆ ಮೊದಲೇ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

“ಐಸ್ ಬೇಡ ಹೊನ್ನಕ್ಕ. ಹರಗು. ಸಂಜೆವರೆಗೆ ಮಳೆ ಬರೂದಿಲ್ಲ.”

ಹೊನ್ನು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

“ನನ್ನ ಜನರೇಟರ್ ಮೇಲೆ ಕೂತ್ಕಂಡು ನನ್ನ ಗಿರಾಕಿನೇ ಓಡ್ಸಿದ್ಯಲ್ಲೇ,” ಎಂದು ಶಾಂತಾರಾಮ ನಗುತ್ತ ಚಹಾ ತರಿಸಿದ.

ಪರೀಕ್ಷೆ ಮುಗಿದರೂ ಜಯಂತಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಊಟವನ್ನೂ ಮಾಡದೆ ಬೇಲೆಗೆ ನಡೆದಳು. ಹೊನ್ನು ಮರಳಿನ ಮೇಲೆ ಬಲೆ ಹಾಸಿ ಸಿಗಡಿ ಹರಡಿದ್ದಳು. ಬಂದಿದ್ದೇ ಆಯ್ತಲ್ಲ ಎಂದು ಇವಳ ಕೈಗೊಂದು ತೆಂಗಿನ ಕಡ್ಡಿಯ ಹಿಡಿ ಕೊಟ್ಟು ತಿರುವಿಹಾಕಲು ಹಚ್ಚಿದಳು. ಬಿಸಿಲು ಮಂದವಾಗಿತ್ತು, ಗಾಳಿ ಚೆನ್ನಾಗಿತ್ತು. ನಡುವೆ ಒಮ್ಮೆ ಸಮುದ್ರದ ಮೇಲೆ ಕಪ್ಪು ಮೋಡದ ತುಣುಕೊಂದು ಕಂಡು ಜಯಂತಿ ತಿರುವುವುದನ್ನು ಬಿಟ್ಟು ಎದ್ದು ನಿಂತಳು. ಹೊನ್ನು ತಲೆ ಎತ್ತಿಯೂ ನೋಡಲಿಲ್ಲ. ಮಳೆ ಬರುವುದಿಲ್ಲ ಎಂದು ಹೇಳಿಸಿಕೊಂಡಾಗಿತ್ತಲ್ಲ. ಮೋಡ ಹಾಗೇ ಗೋಕರ್ಣದ ಕಡೆ ಜಾರಿತು. ಸಂಜೆಗೆ ಸಿಗಡಿ ಗರಿಗರಿಯಾಯಿತು. ಜಯಂತಿ ಮೊಣಕಾಲವರೆಗೆ ಮರಳು ಮೆತ್ತಿಕೊಂಡು ಮನೆಗೆ ಬಂದಾಗ ತಾಯಿ ಬೈದರು. ಅದು ಅವಳ ಕಿವಿಗೇ ಬೀಳಲಿಲ್ಲ.

ನಾಮಕರಣದ ಹಿಂದಿನ ದಿನ ಅವಳು ಮತ್ತೆ ಕೆಫೆಗೆ ಹೋಗಿ ಅಂತಹವೇ ಹೊಸ ಚಿತ್ರಗಳೆರಡನ್ನು ತೆರೆದಳು. ಎರಡರಲ್ಲೂ ಮೋಡ ದಪ್ಪಗೆ ಬೆಳ್ಳಗಿತ್ತು, ದಕ್ಷಿಣದಿಂದ ಇತ್ತಲೇ ಬರುತ್ತಿತ್ತು. ಮನೆಗೆ ಬಂದು ಅಪ್ಪ ದೇವಿದಾಸರಿಗೆ, ನಾಳೆ ಮಧ್ಯಾಹ್ನ ಮಳೆ ಬರುತ್ತದೆ, ಚಪ್ಪರಕ್ಕೆ ತಾಡಪಾಲು ಹಾಕಿಸಿ ಎಂದಳು. ಆಗ ಆಕಾಶ ತೊಳೆದಿಟ್ಟಂತಿತ್ತು. ಅವರು ಆಯ್ತಾಯ್ತು ಎಂದು ತೆಂಗಿನ ಗರಿಯನ್ನೇ ಹಾಕಿಸಿದರು.

ಮರುದಿನ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಮಳೆ ಸುರಿಯಿತು. ನೆಂಟರೆಲ್ಲ ಎಲೆಗಳನ್ನು ಎತ್ತಿಕೊಂಡು ಜಗಲಿಗೆ ಓಡಿದರು; ದೇವಿದಾಸರು ಸೌಟು ಹಿಡಿದು ನೆನೆಯುತ್ತ, ಮಗಳ ಮುಖ ನೋಡಿ ನಕ್ಕುಬಿಟ್ಟರು. ಊಟಕ್ಕೆ ಹೇಳಿಸಿಕೊಂಡಿದ್ದ ಹೊನ್ನು ಮಾತ್ರ ಆಗ ಗೇಟು ದಾಟಿ ನಿಧಾನವಾಗಿ ಬಂದಳು. ಬೆಳಿಗ್ಗೆಯೇ ಜಯಂತಿಯನ್ನು ಕೇಳಿಕೊಂಡು ಹೋಗಿದ್ದ ಅವಳು ಆ ದಿನ ಏನನ್ನೂ ಹರಗಿರಲಿಲ್ಲ, ಕೊಡೆಯನ್ನೂ ಮರೆಯದೆ ತಂದಿದ್ದಳು.